ಚೆಕ್ ದೇಶದ ಪ್ರಾಗ್, ಪಿಲ್ಸೆನ್, ಜರ್ಮನಿಯ ಬಾಂಬರ್ಗ್, ಮ್ಯೂನಿಕ್: ಹೋಗಿ ಬಂದವರು ಅನುಭವ ಹೇಳಿ

ಕಲಬುರಗಿ ದಂಪತಿ: ಮೇ ತಿಂಗಳಲ್ಲಿ ನಾವಿಬ್ಬರೂ ಹೊರಡಬೇಕೆಂದಿದ್ದೇವೆ. ಹಳೇ ಪೇಟೆ, ಕೋಟೆ ನೋಡುವುದು, ಊರೂರಿನ ಬಿಯರ್ ರುಚಿ ನೋಡುವುದು. ಮನೆಯವಳು ಬಿಯರ್ ಕುಡಿಯುತ್ತಾಳೆ, ಮಾಂಸ ತಿನ್ನುವುದಿಲ್ಲ. ಒಂಬತ್ತು ರಾತ್ರಿಗೆ ನಾಲ್ಕು ಊರು ಜಾಸ್ತಿ ಆಗುತ್ತಾ?

ಜೇವರ್ಗಿ ತೊಗರಿ: ಊರಿನ ಲೆಕ್ಕ ಆಮೇಲೆ ಸಾಹೇಬರೆ, ಮೊದಲು ವೀಸಾ. ಎರಡೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ. ನಮ್ಮದು ಒಕ್ಕಲುತನ. ತೊಗರಿ ಮಾರಿದ ದುಡ್ಡು ವರ್ಷಕ್ಕೊಮ್ಮೆ ಒಂದೇ ಗಂಟಾಗಿ ಖಾತೆಗೆ ಬೀಳುತ್ತದೆ. ಅದನ್ನೇ ಹಿಡಿದು ದುಡ್ಡು ಎಲ್ಲಿಂದ ಬಂತೋ ಗೊತ್ತಿಲ್ಲ ಅಂತ ಅರ್ಜಿ ತಳ್ಳಿಹಾಕಿದರು. ತಲೆಗೆ 90 ಯೂರೋ, ಇಬ್ಬರದು 180, ಒಂದು ಪೈಸೆ ವಾಪಸ್ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಹೈದರಾಬಾದಿಗೆ ಹೋಗಿ ಬರುವ ಖರ್ಚು, ಲಾಡ್ಜು, ಫೋಟೋ ಬೇರೆ. ಮತ್ತೆ ಹಾಕುವಾಗ ಪಹಣಿ, ದಲಾಲಿ ಅಂಗಡಿಯ ಪಟ್ಟಿ ಎಲ್ಲಾ ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸಿದೆ. ಆಗ ಕೊಟ್ಟರು. ಅದೇ ಹೊಲ, ಅದೇ ದುಡ್ಡು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಬೀದರ್ ಟೀಚರ್: ಊಟದ ಚಿಂತೆ ನಮಗೂ ಇತ್ತು. ಪ್ರಾಗಿನಲ್ಲಿ ಬ್ರೆಡ್ ಪುಡಿ ಹಚ್ಚಿ ಕರಿದ ಚೀಸ್ ಎಲ್ಲಾ ಕಡೆ ಸಿಗುತ್ತದೆ. ಎರಡು ದಿನ ಚೆನ್ನಾಗಿರುತ್ತದೆ, ಮೂರನೇ ದಿನ ತಟ್ಟೆ ನೋಡಿದರೇ ಬೇಜಾರು. ತರಕಾರಿ ಸೂಪನ್ನೂ ಕೇಳಿಯೇ ಕುಡಿಯಬೇಕು, ಎಷ್ಟೋ ಕಡೆ ಮಾಂಸ ಬೇಯಿಸಿದ ನೀರಿನಲ್ಲೇ ಮಾಡಿರುತ್ತಾರೆ. ನಾನು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಹೋಗಿದ್ದೆ. ಮ್ಯೂನಿಕ್ಕಿನ ಬಿಯರ್ ಗಾರ್ಡನ್ನಿಗೆ ನಮ್ಮ ಊಟ ನಾವೇ ಒಯ್ಯಬಹುದು, 1812ರಿಂದ ಬಂದ ಪದ್ಧತಿ. ಬಟ್ಟೆ ಹಾಸಿದ ಮೇಜು ಬಿಟ್ಟು ಬರೀ ಹಲಗೆಯ ಮೇಜಿಗೆ ಕೂರಬೇಕು, ಬಿಯರ್ ಮಾತ್ರ ಅಲ್ಲೇ ಕೊಳ್ಳಬೇಕು. ಚೆಸ್ಟ್‌ನಟ್ ಮರದ ನೆರಳು, ಲೀಟರಿನ ಮಗ್ಗು, ಎಣ್ಣೆ ಕಲಸಿದ ಹಿಂಡಿ. ಪಕ್ಕದಲ್ಲಿದ್ದ ಅಜ್ಜ ಒಂದು ತುಂಡು ಕೇಳಿ ತಿಂದರು. ತುಪ್ಪ, ಪೇಡೆ ಮಾತ್ರ ಬೇಡ. ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ನಮ್ಮತ್ತೆ ಕಾಸಿ ಕೊಟ್ಟ ತುಪ್ಪ ನನ್ನ ಕಣ್ಣೆದುರೇ ಕಸದ ಡಬ್ಬಿಗೆ ಹೋಯಿತು.

ಯಾದಗಿರಿ ಪ್ರವಾಸಿ: ಅಷ್ಟು ದೂರ ಹೋಗಿ ರೊಟ್ಟಿ ತಿನ್ನುವುದಾದರೆ ಹೋಗುವುದಾದರೂ ಯಾಕೆ ಅಕ್ಕೋರೆ? ಪಿಲ್ಸೆನ್ ಬಗ್ಗೆ ಒಂದು ಮಾತೂ ಇಲ್ಲ. ಹೊನ್ನಿನ ಬಣ್ಣದ ಪಿಲ್ಸ್ನರ್ ಬಿಯರ್ ಹುಟ್ಟಿದ್ದೇ ಅಲ್ಲಿ, 1842ರಲ್ಲಿ. ಅಲ್ಲಿನ ಬಿಯರ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಓಕ್ ಪೀಪಾಯಿಯಿಂದ ಸೋಸದೇ ಇರುವ ಬಿಯರ್ ಹಿಡಿದು ಕೊಡುತ್ತಾರೆ. ಮಬ್ಬು ಮಬ್ಬಾಗಿ, ಮೇಲೆ ದಪ್ಪ ನೊರೆ, ಕೊನೆಗೆ ಹಿತವಾದ ಕಹಿ. ಒಳಗೆ ಥಂಡಿ, ಸ್ವೆಟರ್ ಬೇಕೇ ಬೇಕು. ಬಾಂಬರ್ಗಿನ ಹೆಸರಾಂತ ಬಿಯರಿಗೆ ಹೊಗೆಯ ವಾಸನೆ, ಮೊಳಕೆ ಬಾರ್ಲಿಯನ್ನು ಬೀಚ್ ಎಂಬ ಮರದ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಎರಡನೇ ಗ್ಲಾಸಿಗೆ ಹಿಡಿಸುತ್ತದೆ. ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸಾಕುಬೇಕಾಯಿತು. ಗಡಿ ದಾಟುವ ರೈಲು ತಡವಾಗಿ, ನ್ಯೂರೆಂಬರ್ಗಿನಲ್ಲಿ ಮುಂದಿನ ಗಾಡಿ ತಪ್ಪಿತು. ಬಾಂಬರ್ಗಿನ ರೂಮಿಗೆ ಕಟ್ಟಿದ್ದ 95 ಯೂರೋ ಹೋಯಿತು. ನ್ಯೂರೆಂಬರ್ಗಿನಲ್ಲಿ ರೂಮಿಗೆ 118. ರಾತ್ರಿ ಊಟ ತಣ್ಣಗಿನ ಬನ್ನು, ಒಂದಕ್ಕೆ 7. ಸ್ಟೇಷನ್ನಿನಲ್ಲಿ ಶೌಚಾಲಯಕ್ಕೂ ತಲೆಗೊಂದು ಯೂರೋ.

ಬೀದರ್ ಟೀಚರ್: ಅಣ್ಣಾರೆ, ನಿಮಗೆ ಹಂದಿ, ದನ ಎಲ್ಲಾ ನಡೆಯುತ್ತದೆ. ಕೇಳಿದವರ ಮನೆಯವರಿಗೆ ನಡೆಯುವುದಿಲ್ಲ. ಉಪವಾಸ ಇದ್ದು ಬಿಯರ್ ಕುಡಿದರೆ ತಲೆ ತಿರುಗುತ್ತದೆ, ಅದು ಗೊತ್ತಾ ನಿಮಗೆ?

ಯಾದಗಿರಿ ಪ್ರವಾಸಿ: ನನ್ನ ತಟ್ಟೆಯಲ್ಲಿ ಏನಿತ್ತು ಅಂತ ಇಲ್ಲಿ ಯಾರೂ ಕೇಳಿಲ್ಲ.

ಕೋಟೆ ಹುಚ್ಚು, ಕಲಬುರಗಿ: ಪ್ರಾಗಿನ ಚಾರ್ಲ್ಸ್ ಸೇತುವೆ ಶುರುವಾಗಿದ್ದು 1357ರಲ್ಲಿ. ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದ್ದು. ಸೇತುವೆ ಮೇಲೆ ಕಾಲಿಡಲು ಜಾಗ ಇಲ್ಲದಷ್ಟು ಜನ. ಇಲ್ಲಿ ಕಂಬಗಳ ಸಾಲಿನಲ್ಲಿ ನಾವೊಬ್ಬರೇ. ಲಕ್ಷಗಟ್ಟಲೆ ಸುರಿಯುವ ಮುಂಚೆ ಇದನ್ನು ನೋಡಿದ್ದೀರಾ?

ಬೀದರ್ ಟೀಚರ್: ಕೋಟೆ ಅಂದರೆ ಬೀದರ್ ನೋಡಿ. ಗವಾನ್ ಮದ್ರಸಾ 1472ರದ್ದು, ಬಣ್ಣದ ಹೆಂಚು ಇನ್ನೂ ಹೊಳೆಯುತ್ತದೆ.

ಕೋಟೆ ಹುಚ್ಚು, ಕಲಬುರಗಿ: ಬಹಮನಿ ಸುಲ್ತಾನರ ರಾಜಧಾನಿ ಮೊದಲು ನಮ್ಮಲ್ಲಿತ್ತು ಮೇಡಂ. ಬೀದರಿಗೆ ಹೋಗಿದ್ದು ಆಮೇಲೆ.

ಯಾದಗಿರಿ ಪ್ರವಾಸಿ: ಯಾದಗಿರಿಯಲ್ಲೂ ಬೆಟ್ಟದ ಮೇಲೆ ಕೋಟೆ ಇದೆ, ನಿಮ್ಮಿಬ್ಬರಿಗೂ ನೆನಪಾಗಲ್ಲ. ಅದಿರಲಿ, ವೀಸಾ ಮೊದಲು ಇಳಿಯುವ ದೇಶಕ್ಕೇ ಹಾಕಬೇಕು. ಪ್ರಾಗಿನಲ್ಲಿ ಇಳಿದರೆ ಚೆಕ್.

ಜೇವರ್ಗಿ ತೊಗರಿ: ತಪ್ಪು ಹೇಳಬೇಡ್ರಿ. ಯಾವ ದೇಶದಲ್ಲಿ ರಾತ್ರಿ ಜಾಸ್ತಿಯೋ ಅಲ್ಲಿಗೆ ಹಾಕಬೇಕು. ಎರಡೂ ಸಮ ಬಂದರೆ ಮಾತ್ರ ಮೊದಲು ಇಳಿಯುವ ದೇಶ. ಇಂಥ ಮಾತು ನಂಬಿದವರ ದುಡ್ಡೇ ಹೋಗುವುದು.

ಯಾದಗಿರಿ ಪ್ರವಾಸಿ: ನಮಗೆ ಸಿಕ್ಕಿದೆ ಸ್ವಾಮಿ, ಮೊದಲ ಸಲಕ್ಕೇ.

ಜೇವರ್ಗಿ ತೊಗರಿ: ನಿಮಗೆ ತಿಂಗಳ ಸಂಬಳ ಬರುತ್ತದೆ, ಸಿಕ್ಕಿತು. ಕೇಳಿದವರೇ, ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಮೇ ತಿಂಗಳಿಗಾದರೆ ನವೆಂಬರಿನಲ್ಲೇ ಅರ್ಜಿ ಕೊಡುವ ಸ್ಲಾಟ್ ನೋಡಿ. ತಲೆಗೆ ಕನಿಷ್ಠ 30,000 ಯೂರೋವರೆಗೆ ಚಿಕಿತ್ಸೆಯ ಖರ್ಚು ಭರಿಸುವ ಪ್ರವಾಸ ವಿಮೆ ಇರಬೇಕು. ಬ್ಯಾಂಕಿನ ಸ್ಟೇಟ್‌ಮೆಂಟಿನ ಪ್ರತಿ ಪುಟಕ್ಕೂ ಸೀಲು ಹಾಕಿಸಿಕೊಳ್ಳಿ.