ಲೂ ಬಾನ್ ಬೀಗ: ಆರು ತುಂಡಿನ ಅಳತೆ ಬೇಕು

ಮಂಡ್ಯ_ಕೈಕೆಲಸ: ಶಾಲೆಯ ವಸ್ತುಪ್ರದರ್ಶನಕ್ಕೆ ಚೀನಾದ ಹಳೇ ಕಾಲದ ಬಡಗಿ ಲೂ ಬಾನ್ ಹೆಸರಿನ ಆರು ತುಂಡಿನ ಮರದ ಬೀಗ ಬೇಕು, ತುಂಡುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಒಗಟು, ಮೊಳೆ, ಅಂಟು ಇಲ್ಲದ್ದು. ತೇಗದ ರೀಪರ್ ಇದೆ. ಅಳತೆ ಹೇಳ್ತೀರಾ? ಫಲಕದ ಮೇಲೆ "ಕಂಡುಹಿಡಿದವನು ಲೂ ಬಾನ್" ಅಂತ ಬರೆಯಬಹುದಾ?

ಉಳಿ_ಸುತ್ತಿಗೆ, ಮೈಸೂರು: 20 ಮಿ.ಮೀ. ಚೌಕದ, 80 ಮಿ.ಮೀ. ಉದ್ದದ ಆರು ತುಂಡು. ಗರಗಸದ ಹೊಟ್ಟು ಸೇರಿ 600 ಮಿ.ಮೀ. ರೀಪರ್ ಇಟ್ಟುಕೊಳ್ಳಿ. ಮರದ ಎಳೆ ತುಂಡಿನ ಉದ್ದಕ್ಕೇ ಇರಬೇಕು.

ಒಂದು ತುಂಡಿಗೆ ಕಚ್ಚೇ (ಕಡಿದು ಮಾಡುವ ತಗ್ಗು) ಬೇಡ, ಅದೇ ಕೊನೆಗೆ ತೂರಿಸುವ ಕೀಲಿ. ಉಳಿದ ಐದಕ್ಕೂ ನಡುವೆ 40 ಮಿ.ಮೀ. ಉದ್ದ, 10 ಆಳದ ಕಚ್ಚು. ಆ ಐದರಲ್ಲಿ ಎರಡಕ್ಕೆ ಮಾತ್ರ, ಪಕ್ಕದ ಮುಖದಲ್ಲಿ ನಟ್ಟನಡುವೆ ಇನ್ನೊಂದು ಕಚ್ಚು: 20 ಉದ್ದ, 10 ಆಳ. ಅಲ್ಲಿ ಉಳಿಯುವುದು 10×10ರ ಕಡ್ಡಿ, ಮುರಿಯುವುದೂ ಅಲ್ಲೇ. ಹಾಗಾಗಿ ಎರಡನೇ ಕಚ್ಚು ಕಡಿಯುವಾಗ ಮೊದಲಿನದರೊಳಗೆ 10 ಮಿ.ಮೀ. ಪಟ್ಟಿ ತುಂಬಿಯೇ ವೈಸ್‌ಗೆ ಹಾಕಿ.

ಪೆನ್ಸಿಲ್ ಬೇಡ, ಚಾಕುವಿನಿಂದ ಗೀರಿ. 5 ಮಿ.ಮೀ.ಗೊಂದು ಗರಗಸದ ಗೀಟು ಹಾಕಿ, ಉಳಿಯನ್ನು ಎರಡೂ ಬದಿಯಿಂದ ನಡುವಿಗೆ ಹೊಡೆಯಿರಿ. ಒಂದೇ ಬದಿಯಿಂದ ಹೊಡೆದರೆ ಆಚೆ ಅಂಚು ಸಿಡಿಯುತ್ತದೆ.

ಜೋಡಣೆ: ಒಂದೇ ಕಚ್ಚಿನ ತುಂಡೊಂದನ್ನು ಕಚ್ಚು ಮೇಲಾಗಿ ಅಡ್ಡ ಹಿಡಿಯಿರಿ. ಅಂಥವೇ ಇನ್ನೆರಡನ್ನು ಹಿಂದೆ-ಮುಂದೆ ನೆಟ್ಟಗೆ, ಕಚ್ಚು ಎದುರುಬದುರಾಗಿ ಅದನ್ನು ತಬ್ಬಿಸಿ. ಅಡ್ಡದ್ದು ಅವುಗಳ ನಡುವಿನ ಕಿಂಡಿಯ ತಳದಲ್ಲಿ ಕೂರಬೇಕು. ಎರಡು ಕಚ್ಚಿನವನ್ನು ಹಿಂದೆ-ಮುಂದೆ ಚಾಚುವಂತೆ ಎಡಕ್ಕೊಂದು ಬಲಕ್ಕೊಂದು ಮೇಲಿನಿಂದ ಇಳಿಸಿ, ಉದ್ದ ಕಚ್ಚು ಒಳಕ್ಕೆ, ಚಿಕ್ಕದು ಮೇಲಕ್ಕೆ. ಉಳಿದ ಕಿಂಡಿಗೆ ಕೀಲಿ ತೂರಿಸಿ. ಒಳಗೆ ಸ್ವಲ್ಪ ಪೊಳ್ಳು ಉಳಿಯುತ್ತದೆ, ಹೊರಗೆ ಕಾಣದು.

ಹಳೇ_ಕಟ್ಟಡ: ಫಲಕಕ್ಕೆ "ಲೂ ಬಾನ್ ಮಾಡಿದ್ದು ಎಂಬ ಪ್ರತೀತಿ" ಸಾಕು. ಇದೇ ಬೀಗವನ್ನು ಎಷ್ಟೋ ಶತಮಾನ ಈಚಿನ ಚೀನೀ ಮಂತ್ರಿ ಝುಗೆ ಲಿಯಾಂಗ್‌ಗೂ ಕಟ್ಟುತ್ತಾರೆ. ಲೂ ಬಾನ್ ಕ್ರಿ.ಪೂ. 507–444ರ ಸುಮಾರಿನವನು, ಲೂ ರಾಜ್ಯದವನು, ಗೊಂಗ್‌ಶು ಬಾನ್ ಅಂತಲೂ ಹೆಸರು. ಚೂ ರಾಜ್ಯಕ್ಕೆ ಕೋಟೆ ಹತ್ತುವ ಏಣಿ ಮಾಡಿಕೊಟ್ಟ ಕಥೆ ಚೀನಾದ ಹಳೆಯ ಮೋಜಿ ಗ್ರಂಥದಲ್ಲಿದೆ. ಗರಗಸ ಕಂಡುಹಿಡಿದವನೂ ಅವನೇ ಅನ್ನುವುದು ನಿಲ್ಲದು, ಕಂಚಿನ ಗರಗಸ ಅವನಿಗಿಂತ ಹಳೆಯದು. ನಮ್ಮಲ್ಲಿ ಒಳ್ಳೆಯ ಗುಡಿ ಕಂಡರೆ ಜಕಣಾಚಾರಿ ಅನ್ನುವುದಿಲ್ಲವೇ, ಹಾಗೆ.

ಮಂಡ್ಯ_ಕೈಕೆಲಸ: ಕೀಲಿ ಅರ್ಧ ಹೋಗಿ ನಿಂತಿದೆ. ಮರಳು ಕಾಗದ ಉಜ್ಜಲಾ?

ಉಳಿ_ಸುತ್ತಿಗೆ, ಮೈಸೂರು: ಸುಮ್ಮನೆ ಉಜ್ಜಬೇಡಿ, ಆಮೇಲೆ ಎಲ್ಲಾ ಕಡೆ ಗಡಗಡ ಅನ್ನುತ್ತದೆ. ಮೊದಲು ತುಂಡಿನ ದಪ್ಪ ಅಳೆಯಿರಿ. 20.4 ಬಂದರೆ ಕಚ್ಚು 40 ಸಾಲದು, ಪಕ್ಕಪಕ್ಕ ಕೂರುವ ಎರಡು ತುಂಡಿಗೆ 40.8 ಬೇಕು. ಸ್ಕೇಲಿನ ಅಳತೆಗಿಂತ ಎರಡು ತುಂಡು ಜೋಡಿಸಿಟ್ಟು ಅದರಿಂದಲೇ ಗೀರುವುದು ಸರಿ, ಜೊತೆಗೆ ಕೂದಲೆಳೆಯಷ್ಟು, 0.2 ಮಿ.ಮೀ. ಸಡಿಲ.

ಮಳೆಗಾಲದಲ್ಲಿ ಮಾಡುತ್ತಿದ್ದರೆ ಇನ್ನೊಂದು. ಮರ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚೂಕಡಿಮೆ ಇಲ್ಲ. ಕಚ್ಚಿನ ಉದ್ದ ಹಾಗೇ ಉಳಿದು ತುಂಡುಗಳ ದಪ್ಪ ಮಾತ್ರ ಏರುವುದರಿಂದ ಬಿಗಿ. ಎಲ್ಲಿ ಉಜ್ಜಿ ಹೊಳಪಾಗಿದೆಯೋ ಅಲ್ಲಿ ಮಾತ್ರ ಉಳಿಯಿಂದ ಒಂದು ಸಿಪ್ಪೆ ತೆಗೆಯಿರಿ. ಕಚ್ಚಿನೊಳಗೆ ವಾರ್ನಿಷ್ ಬೇಡ, ಮೇಣ ಸಾಕು.