ಕುಂಡದಿಂದ ಕರಿ ನೊರಜು ಏಳುತ್ತಿವೆ, ಬೇವಿನೆಣ್ಣೆಗೂ ಬಗ್ಗುತ್ತಿಲ್ಲ

ಪ್ರಶ್ನೆ: ಬೆಂಗಳೂರು, ಎರಡನೇ ಮಹಡಿಯ ಬಾಲ್ಕನಿ. ಮಳೆ ಹಿಡಿದಾಗಿನಿಂದ ಕರಿಬೇವು, ಮನಿಪ್ಲಾಂಟ್ ಕುಂಡಗಳಿಗೆ ನೀರು ಹಾಕಿದ ಕೂಡಲೇ ಸಣ್ಣ ಕರಿ ನೊರಜು ಏಳುತ್ತವೆ. ಮೂರು ವಾರದಿಂದ ಎಲೆಗೆ ಬೇವಿನೆಣ್ಣೆ ಹೊಡೆಯುತ್ತಿದ್ದೇನೆ. ಈಗ ಮೆಣಸಿನ ಸಸಿಗಳೂ ಬಾಡುತ್ತಿವೆ. ದಯವಿಟ್ಟು ದಾರಿ ಹೇಳಿ.

— ಮಣ್ಣಿಗೆ ಏನೇನು ಬೆರೆಸಿದ್ದೀರಿ? ನೀರು ಎಷ್ಟು ದಿನಕ್ಕೊಮ್ಮೆ?

— ಅರ್ಧ ಕೋಕೋಪೀಟ್, ಉಳಿದದ್ದು ಕೆಂಪು ಮಣ್ಣು ಮತ್ತು ಮನೆಯ ಕಾಂಪೋಸ್ಟ್. ದಿನಾ ಬೆಳಗ್ಗೆ ಒಂದು ಚೊಂಬು.

— ಹಾಗಾದರೆ ಫಂಗಸ್ ನ್ಯಾಟ್ ಇರಬೇಕು. ಎಲೆಗೆ ಹೊಡೆದು ಪ್ರಯೋಜನವಿಲ್ಲ, ಮರಿಹುಳು ಇರುವುದು ಮೇಲಿನ ಒಂದೆರಡು ಅಂಗುಲ ಒದ್ದೆ ಮಣ್ಣಿನಲ್ಲಿ. ಬೂಷ್ಟು, ಅರೆಕೊಳೆತ ಕಾಂಪೋಸ್ಟ್ ತಿನ್ನುತ್ತದೆ, ಸಸಿಗಳ ಎಳೆಬೇರನ್ನೂ ಬಿಡುವುದಿಲ್ಲ. ಇವತ್ತು ರಾತ್ರಿ ಹಸಿ ಆಲೂಗಡ್ಡೆಯ ಬಿಲ್ಲೆಯೊಂದನ್ನು ಮಣ್ಣಿಗೆ ಒತ್ತಿ ಇಡಿ. ಎರಡು ದಿನ ಬಿಟ್ಟು ತಿರುಗಿಸಿ ನೋಡಿ.

— ನೋಡಿದೆ! ಕಪ್ಪು ತಲೆಯ, ಗಾಜಿನಂಥ ಬಿಳಿ ಹುಳುಗಳು. ಮೆಣಸಿನ ಕುಂಡದಲ್ಲೇ ಹನ್ನೊಂದು.

— ಅನುಮಾನವೇ ಇಲ್ಲ. ಆ ಬಿಲ್ಲೆ ಹುಳು ಸಮೇತ ಎಸೆದು ಹೊಸದು ಇಡುತ್ತಿರಿ. ಕರಿಬೇವು, ಮನಿಪ್ಲಾಂಟ್‌ಗೆ ದಿನದ ಚೊಂಬು ನಿಲ್ಲಿಸಿ. ಬೆರಳು ಎರಡನೇ ಗೆಣ್ಣಿನವರೆಗೆ ಇಳಿಸಿದಾಗ ಒಣಗಿದ್ದರೆ ಮಾತ್ರ ನೀರು. ಮಳೆಯ ಎರಚಲು ಬೀಳದ ಕಡೆ ಸರಿಸಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ.

ಮೆಣಸಿನ ಸಸಿಗಳನ್ನು ಹಾಗೆ ಒಣಗಿಸಿದರೆ ಸಾಯುತ್ತವೆ. ಅವನ್ನು ಅರ್ಧ ಗಂಟೆ ನೀರಿನ ತಟ್ಟೆಯಲ್ಲಿಟ್ಟು ತಳದಿಂದ ಕುಡಿಸಿ. ಬಿಟಿಐ (ಇಂಥ ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾ ಮದ್ದು) ಸಿಕ್ಕರೆ ನೀರಿನಲ್ಲಿ ಕಲಸಿ ಮಣ್ಣಿಗೆ ಹಾಕಿ, ವಾರಕ್ಕೊಮ್ಮೆ. ಅಂಗಡಿಯಲ್ಲಿ ಎಚ್ಚರ: ಕಂಬಳಿಹುಳುವಿಗೆ ಕೊಡುವ ಬಿಟಿ ಬೇರೆ, ಅದು ಇಲ್ಲಿ ನಡೆಯದು. ಸೊಳ್ಳೆ ಮರಿಗೆ ಹಾಕುವ ಬಿಟಿಐ, ಅಂದರೆ ಬಿಟಿ 'ಇಸ್ರೇಲೆನ್ಸಿಸ್' ಎಂದೇ ಕೇಳಿ.

ಹಳದಿ ಅಂಟುಹಾಳೆಯನ್ನು ಮಣ್ಣಿನ ಮಟ್ಟಕ್ಕೇ ಸಿಗಿಸಿ. ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು, ಮೊಟ್ಟೆಯಿಂದ ರೆಕ್ಕೆವರೆಗೆ ಮೂರು-ನಾಲ್ಕು ವಾರ. ಹತ್ತು ದಿನಕ್ಕೆ ಕಡಿಮೆಯಾಯಿತೆಂದು ಬಿಟ್ಟರೆ ಮತ್ತೆ ಶುರು.

— ಐದನೇ ವಾರ. ಅಂಟುಹಾಳೆಯಲ್ಲಿ ಈ ವಾರ ಎರಡೇ. ಸಸಿಗಳಲ್ಲಿ ನಾಲ್ಕು ಹೋದವು, ಉಳಿದ ಆರು ಹೊಸ ಎಲೆ ಬಿಟ್ಟಿವೆ. ಕಾಂಪೋಸ್ಟ್ ಇನ್ನೂ ಪೂರ್ತಿ ಕಳಿತಿರಲಿಲ್ಲ, ಡಬ್ಬಿ ತೆರೆದರೆ ಅಲ್ಲೂ ಅವೇ ನೊರಜು.