ಸಹಾಯ ಬೇಕು: ಕಿಜಾಮಿ ಜುಕಿ ಹೊರಡುವ ಮುಂಚೆಯೇ ಎದುರಾಳಿಗೆ ಗೊತ್ತಾಗುತ್ತಿದೆ

ನಮಸ್ಕಾರ, ನಾನು ರಾಯಚೂರಿನವನು. ಕರಾಟೆ ಕಲಿಯಲು ಶುರು ಮಾಡಿ ನಾಲ್ಕು ವರ್ಷ ಆಯಿತು. ಕುಮಿತೆಯಲ್ಲಿ (ಎದುರಾಳಿ ಜೊತೆ ಆಡುವ ಪಂದ್ಯದಲ್ಲಿ) ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮುಂದಿನ ಕೈಯಿಂದ ಮುಖಕ್ಕೆ ಹೊಡೆಯುವ ಕಿಜಾಮಿ ಜುಕಿ ಪ್ಯಾಡ್ ಮೇಲೆ ಚೆನ್ನಾಗಿಯೇ ಬೀಳುತ್ತದೆ. ಎದುರಿಗೆ ಮನುಷ್ಯ ನಿಂತರೆ ಮುಗೀತು. ನಾನು ಹೊರಡುವಷ್ಟರಲ್ಲಿ ಅವನು ಸರಿದು, ಹೊಟ್ಟೆಗೆ ಗ್ಯಾಕು ಜುಕಿ (ಹಿಂದಿನ ಕೈಯ ಗುದ್ದು) ಇಳಿಸಿರುತ್ತಾನೆ. ಹೋದ ಭಾನುವಾರ 5-1ರಲ್ಲಿ ಸೋತೆ. ಐದೂ ಯುಕೋ (ಒಂದೊಂದು ಅಂಕದ ಹೊಡೆತ), ಐದೂ ಹೀಗೇ ಹೋದವು.

ತಂಗಿ ಕೈಗೆ ಮೊಬೈಲ್ ಕೊಟ್ಟು ವಿಡಿಯೋ ಮಾಡಿಸಿ ನಿಧಾನವಾಗಿ ನೋಡಿದೆ. ಹೊಡೆಯುವ ಮುಂಚೆ ಹಿಂದಿನ ಕಾಲನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಳ್ಳುತ್ತೇನೆ, ಭುಜವೂ ಏಳುತ್ತದೆ. ಬರ್ತಿದ್ದೀನಿ ನೋಡು ಅಂತ ಹೇಳಿದಂತೆಯೇ ಅಲ್ವಾ! ಕಾಲು ಎಳೆಯದೆ ಹೊರಟರೆ ಗ್ಲೌಸ್ ಅರ್ಧ ಅಡಿ ಹಿಂದೆಯೇ ನಿಲ್ಲುತ್ತದೆ.

ಬೆಳಗ್ಗೆ ಐದಕ್ಕೇ ಎದ್ದು (ಆಮೇಲೆ ನಮ್ಮೂರ ಬಿಸಿಲು ಬಿಡಲ್ಲ) ಹಗ್ಗ ಜಿಗಿದೆ, ಸೊಂಟಕ್ಕೆ ರಬ್ಬರ್ ಕಟ್ಟಿ ನುಗ್ಗಿದೆ. ಕಾಲಿಗೆ ಬಲ ಬಂತು, ಚಟ ಹೋಗಲಿಲ್ಲ. ಸರ್ "ಕೈ ಮೊದಲು, ಕಾಲು ಆಮೇಲೆ" ಅಂತಾರೆ. ಹಾಗೆ ಮಾಡಿದರೆ ಮೈ ಮುಂದಕ್ಕೆ ವಾಲುತ್ತದೆ.

ನನ್ನ ಪ್ರಶ್ನೆ ಇಷ್ಟೇ: ದೂರ ಮುಟ್ಟಲು ಕಾಲುಗಳ ನಡುವಿನ ಅಂತರ ಮೊದಲೇ ಕಡಿಮೆ ಇಟ್ಟುಕೊಳ್ಳಬೇಕಾ, ಇಲ್ಲಾ ಪುಟಿಯುವಾಗಲೇ ಗೊತ್ತಾಗದಂತೆ ಹಿಂದಿನ ಕಾಲು ಹತ್ತಿರ ತರಬೇಕಾ? ಮನೆಯಲ್ಲಿ ಒಬ್ಬನೇ ಮಾಡುವಂಥ ಅಭ್ಯಾಸ ಯಾವುದಿದೆ?